ಮಾತ್ರೆ ಕೊಡುವ ಕೊನೆಯ ಕೈ: ನರ್ಸಿಂಗ್ ವಿದ್ಯಾರ್ಥಿ ಕಲಿಯುವ ಔಷಧದ ಪಾಠ

ಅಕ್ಕನ ಮಗಳು ಬಿ.ಎಸ್ಸಿ. ನರ್ಸಿಂಗ್ ಮೂರನೇ ಸೆಮಿಸ್ಟರ್‌ಗೆ ಕಾಲಿಟ್ಟಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಹುಡುಗಿ. ಮೊನ್ನೆ ರಾತ್ರಿ ಹಾಸ್ಟೆಲ್‌ನಿಂದ ಫೋನ್ ಮಾಡಿ, "ಚಿಕ್ಕಮ್ಮ, ಈ ಫಾರ್ಮಕಾಲಜಿಯಲ್ಲಿ ಎಷ್ಟು ಹೆಸರು ಅಂತ ಬಾಯಿಪಾಠ ಮಾಡೋದು? ಒಂದೂ ತಲೇಲಿ ನಿಲ್ತಿಲ್ಲ" ಎಂದು ಅಳುವ ದನಿಯಲ್ಲಿ ಕೇಳಿದಳು. ವರ್ಷಗಟ್ಟಲೆ ವಾರ್ಡ್‌ನಲ್ಲಿ ಮೆಡಿಸಿನ್ ಟ್ರಾಲಿ ತಳ್ಳಿದವಳು ನಾನು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಅಜ್ಜಿಗೆ ಇನ್ಸುಲಿನ್ ಚುಚ್ಚುವವರಿಗೂ, ಮಗುವಿಗೆ ಜ್ವರದ ಸಿರಪ್ ಕುಡಿಸುವವರಿಗೂ ಇದರಲ್ಲಿ ಒಂದಿಷ್ಟು ಉಪಯೋಗಕ್ಕೆ ಬಂದೀತು.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಹೊಸ ಪಠ್ಯಕ್ರಮದಲ್ಲಿ ಫಾರ್ಮಕಾಲಜಿ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರ್‌ಗೆ ಬರುತ್ತದೆ. ಫಾರ್ಮಕಾಲಜಿ ಎಂದರೆ ಔಷಧದ ವಿಷಯ. ಔಷಧ ದೇಹಕ್ಕೆ ಏನು ಮಾಡುತ್ತದೆ, ದೇಹ ಔಷಧಕ್ಕೆ ಏನು ಮಾಡುತ್ತದೆ, ಈ ಎರಡೇ ಪ್ರಶ್ನೆ. ಉಳಿದ ಪುಟಗಳೆಲ್ಲ ಇವಕ್ಕೆ ಉತ್ತರ.

## ನರ್ಸ್ ಯಾಕೆ ಇದನ್ನು ಓದಬೇಕು?

ಔಷಧ ಬರೆಯುವವರು ಡಾಕ್ಟರ್. ತೆಗೆದುಕೊಡುವವರು ಫಾರ್ಮಸಿಯವರು. ಹಾಗಿದ್ದ ಮೇಲೆ ನರ್ಸ್‌ಗೆ ಇಷ್ಟೆಲ್ಲ ಓದು ಯಾಕೆ?

ಡಾಕ್ಟರ್ ತಪ್ಪು ಡೋಸ್ ಬರೆದರೆ ಫಾರ್ಮಸಿಸ್ಟ್ ಕಣ್ಣಿಗೆ ಬೀಳಬಹುದು. ಫಾರ್ಮಸಿಸ್ಟ್ ತಪ್ಪು ಸ್ಟ್ರಿಪ್ ಕೊಟ್ಟರೆ ನರ್ಸ್ ಕಣ್ಣಿಗೆ ಬೀಳಬಹುದು. ನರ್ಸ್ ತಪ್ಪಿದರೆ? ಹಿಂದೆ ನಿಂತು ನೋಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಆಮೇಲೆ ಇರುವುದು ರೋಗಿಯ ರಕ್ತನಾಳ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ 'ಹಾನಿಯಿಲ್ಲದ ಔಷಧ' ಎನ್ನುವ ಜಾಗತಿಕ ಕಾರ್ಯಕ್ರಮ ಶುರು ಮಾಡಿತು. ತಡೆಯಬಹುದಾದ ಗಂಭೀರ ಔಷಧ ಹಾನಿಯನ್ನು 5 ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕು ಎನ್ನುವುದು ಅದರ ಗುರಿಯಾಗಿತ್ತು. ಈ ತೊಂದರೆ ನಮ್ಮೂರಿನ ಆಸ್ಪತ್ರೆಯದು ಮಾತ್ರ ಅಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ.

## ಹೆಸರುಗಳಿಗೆ ಹೆದರಬೇಡಿ

ಒಂದು ಔಷಧಕ್ಕೆ ಕನಿಷ್ಠ ಎರಡು ಹೆಸರು ಇರುತ್ತವೆ. ಒಂದು ಜನರಿಕ್ ಹೆಸರು, ಅಂದರೆ ಔಷಧದ ಸ್ವಂತ ಹೆಸರು. ಇನ್ನೊಂದು ಬ್ರ್ಯಾಂಡ್ ಹೆಸರು, ಅಂದರೆ ಕಂಪನಿ ಇಟ್ಟದ್ದು. ಪ್ಯಾರಸಿಟಮಾಲ್ ಎನ್ನುವುದು ಜನರಿಕ್. ಬೆಂಗಳೂರಿನ ಕಂಪನಿಯ ಡೋಲೋ, ಜೊತೆಗೆ ಕ್ರೋಸಿನ್, ಕ್ಯಾಲ್ಪಾಲ್, ಇವೆಲ್ಲ ಬ್ರ್ಯಾಂಡ್. ಇದು ಸುಮ್ನೆ ಪರೀಕ್ಷೆಗೆ ಓದುವ ವಿಷಯ ಅಲ್ಲ. ಚಾರ್ಟ್‌ನಲ್ಲಿ ಒಬ್ಬ ಡಾಕ್ಟರ್ ಡೋಲೋ ಬರೆದಿರುತ್ತಾರೆ, ಇನ್ನೊಬ್ಬರು ಪ್ಯಾರಸಿಟಮಾಲ್ ಡ್ರಿಪ್ ಬರೆದಿರುತ್ತಾರೆ. ಎರಡೂ ಒಂದೇ ಎಂದು ಗೊತ್ತಿಲ್ಲದ ನರ್ಸ್ ಎರಡನ್ನೂ ಕೊಡುತ್ತಾಳೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ಅದು ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಅಂದರೆ ಲಿವರ್‌ಗೆ.

ಇನ್ನು ಬಾಯಿಪಾಠದ ಸಂಕಟ. ಉತ್ತರ ಕರ್ನಾಟಕದಲ್ಲಿ ಹಿರೇಮಠ, ಸಾಲಿಮಠ, ಕಲ್ಮಠ ಅಂತ ಅಡ್ಡಹೆಸರು ಕೇಳಿದ ತಕ್ಷಣ ಮನೆತನದ ಅಂದಾಜು ಸಿಗುತ್ತದಲ್ಲ, ಜನರಿಕ್ ಹೆಸರುಗಳ ಬಾಲವೂ ಹಾಗೆಯೇ. ಬಾಲದಲ್ಲಿ 'ಓಲಾಲ್' ಇದ್ದರೆ (ಅಟೆನೊಲಾಲ್, ಮೆಟೊಪ್ರೊಲಾಲ್) ಅದು ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮನೆತನ. 'ಪ್ರಿಲ್' ಇದ್ದರೆ ಬಿಪಿ ಔಷಧ, ಕೆಲವರಿಗೆ ಒಣಕೆಮ್ಮು ಬರಿಸುತ್ತದೆ. 'ಸಾರ್ಟಾನ್' ಕೂಡ ಬಿಪಿಗೇ, ಆದರೆ ಆ ಕೆಮ್ಮಿನ ಕಾಟ ಕಡಿಮೆ. 'ಪ್ರಜೋಲ್' ಹೊಟ್ಟೆಯ ಆಸಿಡ್‌ಗೆ, 'ಸ್ಟ್ಯಾಟಿನ್' ಕೊಲೆಸ್ಟ್ರಾಲ್‌ಗೆ. ಮನೆತನ ಕಲಿತರೆ ಸಾಕು, ಮಕ್ಕಳೆಲ್ಲ ತಾವಾಗಿ ಗುರುತಿಗೆ ಬರುತ್ತಾರೆ. ಅಕ್ಷರದ ಮೇಲೆ ಕಣ್ಣಿರಲಿ ಅಷ್ಟೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಕೂಡ 'ಮಾಲ್' ಅಂತ ಮುಗಿಯುತ್ತದೆ, ಆದರೆ ಅದು ಓಲಾಲ್ ಮನೆಯದಲ್ಲ. ಕೆಲಸವೂ ಹೆಚ್ಚುಕಡಿಮೆ ಅದಕ್ಕೆ ಉಲ್ಟಾ.

## ಗಂಟಲು ದಾಟಿದ ಮೇಲೆ ಏನಾಗುತ್ತದೆ?

ನುಂಗಿದ ಮಾತ್ರೆ ಕರುಳಿನಿಂದ ನೇರವಾಗಿ ಮೈಗೆಲ್ಲ ಹೋಗುವುದಿಲ್ಲ. ಮೊದಲು ಲಿವರ್ ಎನ್ನುವ ಟೋಲ್‌ಗೇಟ್ ದಾಟಬೇಕು. ಅಲ್ಲಿ ಒಂದು ಪಾಲು ಕಡಿತವಾಗುತ್ತದೆ. ಕೆಲವು ಔಷಧಕ್ಕೆ ಈ ಕಡಿತ ಎಷ್ಟು ಜಾಸ್ತಿ ಎಂದರೆ, ನುಂಗಿದರೆ ಹೆಚ್ಚಿನ ಪಾಲು ಗೇಟಿನಲ್ಲೇ ಖಾಲಿ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಅಂಥದ್ದು. ಅದನ್ನು ನಾಲಿಗೆ ಕೆಳಗೆ ಇಡುತ್ತಾರೆ. ಅಲ್ಲಿನ ತೆಳು ಚರ್ಮದಿಂದ ನೇರ ರಕ್ತಕ್ಕೆ ಸೇರುವುದು ಬೈಪಾಸ್ ರಸ್ತೆ ಹಿಡಿದ ಹಾಗೆ. ರೋಗಿ ಅಭ್ಯಾಸಬಲದಿಂದ ನೀರು ಕುಡಿದು ನುಂಗಿಬಿಟ್ಟರೆ ಬೇಕಾದ ಹೊತ್ತಿಗೆ ಕೆಲಸವೇ ಆಗುವುದಿಲ್ಲ. 'ದಾರಿ' ಯಾಕೆ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ರಕ್ತಕ್ಕೆ ಸೇರಿದ ಔಷಧದ ಒಂದಷ್ಟು ಭಾಗ ಅಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡು ಓಡಾಡುತ್ತದೆ. ಅಲ್ಬುಮಿನ್ ಒಂದು ಬಸ್ಸು ಅಂದುಕೊಳ್ಳಿ. ಬಸ್ಸಲ್ಲಿ ಕೂತವರು ಕೆಲಸ ಮಾಡುವುದಿಲ್ಲ, ಇಳಿದವರು ಮಾತ್ರ ಮಾಡುತ್ತಾರೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಬಹುಪಾಲು ಬಸ್ಸಲ್ಲೇ ಕೂತಿರುತ್ತದೆ. ರೋಗಿ ತೀರಾ ಸೊರಗಿ ಅಲ್ಬುಮಿನ್ ಕಡಿಮೆಯಾಗಿದ್ದರೆ ಬಸ್ಸುಗಳೇ ಕಮ್ಮಿ. ರಸ್ತೆ ಮೇಲೆ ಜನ ಜಾಸ್ತಿ. ಅದೇ ಡೋಸ್ ಈಗ ಅತಿಯಾಗುತ್ತದೆ, ತೂರಾಡುವುದು, ಮಂಪರು ಎಲ್ಲ ಕಾಣಿಸಬಹುದು.

ಕೊನೆಗೆ ಔಷಧ ಹೊರಹೋಗಬೇಕು, ಹೆಚ್ಚಾಗಿ ಮೂತ್ರಪಿಂಡದ ದಾರಿಯಲ್ಲಿ. ಇಲ್ಲಿ ಬರುವ ಮಾತು 'ಹಾಫ್ ಲೈಫ್'. ಜಾತ್ರೆ ಮುಗಿದ ಮೇಲೆ ಮೈದಾನ ಖಾಲಿಯಾಗುವುದನ್ನು ನೋಡಿದ್ದೀರಲ್ಲ. ಪ್ರತಿ ಗಂಟೆಗೆ ಇದ್ದವರಲ್ಲಿ ಅರ್ಧ ಜನ ಹೊರಡುತ್ತಾರೆ ಅಂದುಕೊಳ್ಳಿ. 1000 ಜನ 500 ಆಗುತ್ತಾರೆ, ಆಮೇಲೆ 250, ಆಮೇಲೆ 125. ಆ ಒಂದು ಗಂಟೆಯೇ ಹಾಫ್ ಲೈಫ್. ನಾಲ್ಕೈದು ಹಾಫ್ ಲೈಫ್ ಕಳೆದರೆ ಮೈದಾನ ಹೆಚ್ಚುಕಡಿಮೆ ಖಾಲಿ. ಪ್ಯಾರಸಿಟಮಾಲ್‌ಗೆ ಇದು ಸುಮಾರು 2ರಿಂದ 3 ಗಂಟೆ. ಹೃದಯಕ್ಕೆ ಕೊಡುವ ಡಿಜಾಕ್ಸಿನ್‌ಗೆ 36ರಿಂದ 48 ಗಂಟೆ. ಕಿಡ್ನಿ ಕೆಟ್ಟಿದ್ದರೆ ಇನ್ನೂ ಉದ್ದ. ಅಂದರೆ ನಿನ್ನೆಯ ಮಾತ್ರೆ ಇನ್ನೂ ಮೈದಾನದಲ್ಲಿರುವಾಗಲೇ ಇವತ್ತಿನದು ಬಂದು ಸೇರುತ್ತದೆ.

ಈ ಡಿಜಾಕ್ಸಿನ್ ಮೇಲೆ ಸ್ವಲ್ಪ ನಿಲ್ಲೋಣ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇದರಲ್ಲಿ ಅಂತರ ತೀರಾ ಕಡಿಮೆ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಇದಕ್ಕೆ ಅತಿಯಾಗಬೇಕೆಂದೇನೂ ಇಲ್ಲ, ಕೊಂಚ ಹೆಚ್ಚಾದರೂ ಸಾಕು. ಅದಕ್ಕೇ ಕೊಡುವ ಮೊದಲು ಸ್ಟೆತಾಸ್ಕೋಪನ್ನು ಎದೆಗಿಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗಲ್ಲ, ಬಡಿತ ಏರುಪೇರಾಗಿರಬಹುದು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಬಂದರೆ ಮಾತ್ರೆ ಕೊಡದೆ ಡಾಕ್ಟರ್‌ಗೆ ತಿಳಿಸಬೇಕು. ಊಟ ಸೇರುತ್ತಿಲ್ಲ, ವಾಕರಿಕೆ, ದೀಪದ ಸುತ್ತ ಹಳದಿ ಬಳೆ ಕಾಣುತ್ತದೆ ಎಂದು ರೋಗಿ ಹೇಳಿದರೆ ಕಿವಿ ನೆಟ್ಟಗಾಗಬೇಕು. ಇದೇ ರೋಗಿಗೆ ಮೈಯ ನೀರಿಳಿಸಲು ಫ್ಯೂರೋಸೆಮೈಡ್ ಕೂಡ ನಡೆಯುತ್ತಿರುತ್ತದೆ. ಅದು ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಡಿಜಾಕ್ಸಿನ್ ವಿಷ ಬೇಗ ಏರುತ್ತದೆ. ಚಾರ್ಟ್‌ನಲ್ಲಿ ಎರಡು ಬೇರೆ ಬೇರೆ ಸಾಲು, ರೋಗಿಯ ಒಳಗೆ ಒಂದೇ ಕತೆ. ಹೆಸರು ಬಾಯಿಪಾಠ ಮಾಡಿದವಳು ಎರಡೂ ಮಾತ್ರೆ ಸರಿಯಾದ ಹೊತ್ತಿಗೆ ಕೊಡುತ್ತಾಳೆ. ಫಾರ್ಮಕಾಲಜಿ ಓದಿದವಳು ಪೊಟ್ಯಾಸಿಯಂ ರಿಪೋರ್ಟ್ ಹುಡುಕುತ್ತಾಳೆ.

## ಸೀಟಿಗೆ ಟವೆಲ್ ಹಾಕುವ ಔಷಧಗಳು

ಇನ್ನು ಔಷಧ ದೇಹಕ್ಕೆ ಏನು ಮಾಡುತ್ತದೆ ಎನ್ನುವ ಪ್ರಶ್ನೆ. ಜೀವಕೋಶಗಳ ಮೇಲೆ ರಿಸೆಪ್ಟರ್ ಎಂಬ ಸೀಟುಗಳಿವೆ. ಸರಿಯಾದ ವಸ್ತು ಬಂದು ಕೂತರೆ ಕೆಲಸ ಶುರು. ಹೀಗೆ ಕೂತು ಕೆಲಸ ಮಾಡಿಸುವ ಔಷಧಕ್ಕೆ ಆಗೊನಿಸ್ಟ್ ಎನ್ನುತ್ತಾರೆ. ಆಂಟಾಗೊನಿಸ್ಟ್ ಎಂದರೆ ನಮ್ಮ ಬಸ್‌ಸ್ಟ್ಯಾಂಡ್‌ನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಅದು. ಟವೆಲ್ ತಾನು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ, ಆದರೆ ಬೇರೆಯವರು ಕೂರುವಂತಿಲ್ಲ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಜಾಸ್ತಿಯಾಗಿ ಉಸಿರು ಇಳಿದ ರೋಗಿಗೆ ನಲಾಕ್ಸೋನ್ ಕೊಡುತ್ತಾರೆ. ಇದು ಕೊಂಚ ಜಗಳಗಂಟ ಟವೆಲ್, ಕೂತ ಮಾರ್ಫಿನ್ನನ್ನೂ ಎಬ್ಬಿಸಿ ಜಾಗ ಹಿಡಿಯುತ್ತದೆ. ರೋಗಿ ಎರಡು ಮೂರು ನಿಮಿಷದಲ್ಲಿ ಕಣ್ಣು ಬಿಡುತ್ತಾನೆ, ಎಲ್ಲರಿಗೂ ನಿರಾಳ. ಆದರೆ ನಲಾಕ್ಸೋನ್ ಪ್ರಭಾವ ಇರುವುದು ಸುಮಾರು ಅರ್ಧದಿಂದ ಒಂದೂವರೆ ಗಂಟೆ. ಮಾರ್ಫಿನ್ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಟವೆಲ್ ಜಾರಿದ ಮೇಲೆ ಮಾರ್ಫಿನ್ ಮತ್ತೆ ಬಂದು ಕೂರಬಹುದು, ಉಸಿರು ಮತ್ತೆ ಇಳಿಯಬಹುದು. ಎಚ್ಚರವಾದ ರೋಗಿಯ ಉಸಿರನ್ನು ನರ್ಸ್ ಇನ್ನೂ ಗಂಟೆಗಟ್ಟಲೆ ಎಣಿಸುತ್ತಾ ಕೂರುವುದು ಇದಕ್ಕೇ.

## ಲೆಕ್ಕ: ಮೂರನೇ ಕ್ಲಾಸಿನ ಗಣಿತ, ಆದರೂ ತಪ್ಪುತ್ತದೆ

ಸೂತ್ರ ಇಷ್ಟೇ. ಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸಿ.

12 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಪ್ಯಾರಸಿಟಮಾಲ್ ಕೊಡಬೇಕು. 12ನ್ನು 15ರಿಂದ ಗುಣಿಸಿದರೆ 180 ಮಿ.ಗ್ರಾಂ. ಈಗ ಬಾಟಲಿ ನೋಡಿ. 5 ಮಿ.ಲೀ.ನಲ್ಲಿ 120 ಮಿ.ಗ್ರಾಂ. ಇರುವ ಸಿರಪ್ ಆದರೆ 7.5 ಮಿ.ಲೀ. ಬೇಕು. 5 ಮಿ.ಲೀ.ನಲ್ಲಿ 250 ಇರುವುದಾದರೆ 3.6 ಮಿ.ಲೀ. ಒಂದೇ ಮಿ.ಲೀ.ನಲ್ಲಿ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ 1.8 ಮಿ.ಲೀ. ಸಾಕು. ಮಗು ಅದೇ, ಜ್ವರ ಅದೇ, ಔಷಧ ಅದೇ. ಆ ಡ್ರಾಪ್ಸನ್ನು ಸಿರಪ್ ಅಂದುಕೊಂಡು 7.5 ಮಿ.ಲೀ. ಕುಡಿಸಿದರೆ 750 ಮಿ.ಗ್ರಾಂ. ಹೋಗುತ್ತದೆ, ನಾಲ್ಕು ಪಟ್ಟಿಗಿಂತ ಜಾಸ್ತಿ. "ಒಂದು ಚಮಚ ಹಾಕಿ" ಎನ್ನುವ ಮಾತು ನನಗೆ ಅದಕ್ಕೇ ಇಷ್ಟವಿಲ್ಲ. ಯಾವ ಬಾಟಲಿ, ಯಾರ ಮನೆಯ ಚಮಚ?

ಡ್ರಿಪ್ ಲೆಕ್ಕವೂ ಇಂಥದ್ದೇ. 500 ಮಿ.ಲೀ. 4 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ (ಡ್ರಿಪ್‌ನ ಕೊಳವೆಯಲ್ಲಿ) 1 ಮಿ.ಲೀ.ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಸೆಟ್‌ನಲ್ಲಿ 1 ಮಿ.ಲೀ.ಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಹನಿ ಎಣಿಸುವ ಮೊದಲು ಸೆಟ್‌ನ ಕವರ್ ಓದಿ.

ನಮ್ಮ ಹಳೆಯ ಸಿಸ್ಟರ್ ಒಬ್ಬರು ಹೇಳಿಕೊಟ್ಟ ಉಪಾಯ ಒಂದಿದೆ. ಒಂದೇ ಡೋಸ್‌ಗೆ ಮೂರು ನಾಲ್ಕು ಆಂಪೂಲ್ (ಚುಚ್ಚುಮದ್ದಿನ ಪುಟ್ಟ ಬುಡ್ಡಿ) ಒಡೆಯಬೇಕು ಎಂದು ಲೆಕ್ಕ ಬಂದರೆ ಮೊದಲು ಕೈ ನಿಲ್ಲಿಸಿ. ಹೆಚ್ಚಿನ ಸಲ ತಪ್ಪಿರುವುದು ಲೆಕ್ಕವೋ ಆರ್ಡರೋ ಆಗಿರುತ್ತದೆ.

## ಐದು 'ಸರಿ'ಗಳು

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಸಮಯ. ವೈವಾದಲ್ಲಿ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಈಚೆಗೆ ಸರಿಯಾದ ದಾಖಲೆ, ಸರಿಯಾದ ಕಾರಣ, ಬೇಡ ಎನ್ನುವ ರೋಗಿಯ ಹಕ್ಕು, ಹೀಗೆ ಪಟ್ಟಿ ಬೆಳೆದಿದೆ. ಹೇಳುವುದು ಸುಲಭ. ಮಾಡುವಾಗ ಜಾರುವುದು ಮೊದಲನೆಯದರಲ್ಲೇ.

ಹೆಂಗಸರ ವಾರ್ಡ್‌ನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ವಿಶೇಷವೇನಲ್ಲ. "ನೀವು ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಿದರೆ ಇಬ್ಬರೂ ಹೂಂ ಅನ್ನುತ್ತಾರೆ. ಕಿವಿ ಮಂದವಾದ ಮೂರನೆಯ ಅಜ್ಜಿಯೂ ಹೂಂ ಅನ್ನಬಹುದು. ಸಿಸ್ಟರ್ ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಎನ್ನುವ ಸಂಕೋಚ ನಮ್ಮ ಜನಕ್ಕೆ ಜಾಸ್ತಿ. ಅದಕ್ಕೇ "ನಿಮ್ಮ ಹೆಸರು ಹೇಳಿ" ಎಂದು ಕೇಳಬೇಕು, ಆಮೇಲೆ ಕೈಪಟ್ಟಿಯ ಐಪಿ ನಂಬರನ್ನು, ಅಂದರೆ ಆಸ್ಪತ್ರೆಗೆ ಸೇರಿದಾಗ ಕೊಟ್ಟ ನಂಬರನ್ನು, ಚಾರ್ಟ್ ಜೊತೆ ತಾಳೆ ನೋಡಬೇಕು. ಬೆಡ್ ನಂಬರ್ ಗುರುತಲ್ಲ. ಫ್ಯಾನ್ ಗಾಳಿ ಬರಲ್ಲ ಅಂತ ಮಧ್ಯಾಹ್ನ ಬೆಡ್ ಬದಲಾಯಿಸಿಕೊಂಡಿರುತ್ತಾರೆ.

ಔಷಧದ ಲೇಬಲ್ಲನ್ನು ಮೂರು ಸಲ ಓದಬೇಕು. ಶೆಲ್ಫ್‌ನಿಂದ ತೆಗೆಯುವಾಗ, ಸಿರಿಂಜ್‌ಗೆ ಲೋಡ್ ಮಾಡುವಾಗ, ರೋಗಿಯ ಪಕ್ಕ ನಿಂತು ಕೊಡುವ ಮೊದಲು. ಹೆಸರುಗಳು ಒಂದನ್ನೊಂದು ಹೋಲುತ್ತವೆ. ಡೋಪಮಿನ್, ಡೊಬುಟಮಿನ್ ಎರಡೂ ಐಸಿಯುನಲ್ಲಿ ಅಕ್ಕಪಕ್ಕವೇ ಇರುತ್ತವೆ. ಅಮೆರಿಕದಲ್ಲಿ ಹೊಟ್ಟೆಯ ಆಸಿಡ್‌ಗೆ ಕೊಡುವ ಲೋಸೆಕ್ ಎಂಬ ಬ್ರ್ಯಾಂಡ್, ಮೂತ್ರ ಹೋಗಿಸುವ ಲೇಸಿಕ್ಸ್ ಜೊತೆ ಗೊಂದಲವಾಗಿ, 1990ರಲ್ಲಿ ಕಂಪನಿ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಬೇಕಾಯಿತು.

ಸಮಯ ಎಂದರೆ ಗಡಿಯಾರ ಮಾತ್ರ ಅಲ್ಲ, ಊಟವೂ ಹೌದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕಬ್ಬಿಣದ ಮಾತ್ರೆ ಕಾಫಿ, ಟೀ ಜೊತೆ ಬೇಡ, ಮೈಗೆ ಹತ್ತುವುದಿಲ್ಲ. ಸಿಪ್ರೋಫ್ಲಾಕ್ಸಾಸಿನ್ ಹಾಲಿನ ಜೊತೆ ಬೇಡ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಆದರೆ ಒಂದು ವಾರ ದಿನಾ ಸೊಪ್ಪಿನ ಬಸ್ಸಾರು, ಇನ್ನೊಂದು ವಾರ ಏನೂ ಇಲ್ಲ ಎಂದಾದರೆ ಔಷಧದ ಪ್ರಭಾವ ಹತ್ತಿಳಿಯುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದಕ್ಕೆ ಎದುರಾಳಿ.

ದಾರಿಯ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ) ಹಾಕಿದ ರೋಗಿಗೆ ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಿ ಹಾಕುವಂತಿಲ್ಲ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಕುಟ್ಟಿದರೆ ಇಡೀ ದಿನದ ಡೋಸ್ ಒಂದೇ ಏಟಿಗೆ ಒಳಗೆ.

## ಇನ್ಸುಲಿನ್‌ನ ಎರಡು ಸಿರಿಂಜ್, ಒಂದು ಪ್ಲಾಸ್ಟಿಕ್ ಆಂಪೂಲ್

ತಪ್ಪಿದರೆ ಭಾರೀ ಹಾನಿ ಮಾಡುವ ಔಷಧಗಳನ್ನು ಹೈ ಅಲರ್ಟ್ ಎನ್ನುತ್ತಾರೆ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಗಾಢ ಪೊಟ್ಯಾಸಿಯಂ, ಮಾರ್ಫಿನ್ ಇವೆಲ್ಲ ಆ ಪಟ್ಟಿಯಲ್ಲಿವೆ. ಇವನ್ನು ಇನ್ನೊಬ್ಬ ನರ್ಸ್ ತಾನೇ ಬೇರೆಯಾಗಿ ಲೆಕ್ಕ ಹಾಕಿ ನೋಡಬೇಕು. "ಸರಿ ಇದೆಯಾ ನೋಡೇ" ಎಂದು ಸಿರಿಂಜ್ ತೋರಿಸಿ ತಲೆ ಆಡಿಸಿಕೊಳ್ಳುವುದು ಡಬಲ್ ಚೆಕ್ ಅಲ್ಲ.

ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಹೆಚ್ಚಾಗಿ 1 ಮಿ.ಲೀ.ಗೆ 40 ಯೂನಿಟ್‌ನದು. 100 ಯೂನಿಟ್‌ನದೂ ಸಿಗುತ್ತದೆ. ಸಿರಿಂಜ್‌ಗಳೂ ಎರಡು. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಡಾಕ್ಟರ್ ಬರೆದದ್ದು 20 ಯೂನಿಟ್. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಸಕ್ಕರೆ ಕುಸಿದು ಜೀವಕ್ಕೇ ಬರಬಹುದು. 40ರದನ್ನು ಕಿತ್ತಳೆ ಸಿರಿಂಜ್‌ನಲ್ಲಿ ಎಳೆದರೆ ಬರುವುದು ಬರೀ 8 ಯೂನಿಟ್. ಎರಡೂ ಸಲ ಗೆರೆ ಸರಿಯಾಗಿ 20ರ ಮೇಲೇ ಇರುತ್ತದೆ, ಅದೇ ಮೋಸ. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರು ಈ ಪ್ಯಾರಾ ಓದಿ ಒಮ್ಮೆ ಫ್ರಿಜ್ ತೆಗೆದು ನೋಡಿ.

ಪೊಟ್ಯಾಸಿಯಂ ಕ್ಲೋರೈಡ್ ಕತೆ ನನ್ನದೇ. ಎರಡನೇ ವರ್ಷದ ಪೋಸ್ಟಿಂಗ್. ಆಂಟಿಬಯಾಟಿಕ್ ಪುಡಿ ಕರಗಿಸಲು ಡಿಸ್ಟಿಲ್ಡ್ ವಾಟರ್ ಬೇಕಿತ್ತು. ಟ್ರೇಯಲ್ಲಿದ್ದ 10 ಮಿ.ಲೀ. ಪ್ಲಾಸ್ಟಿಕ್ ಆಂಪೂಲ್ ಎತ್ತಿಕೊಂಡೆ. ತಿರುಚಿ ತೆಗೆಯುವಷ್ಟರಲ್ಲಿ ಸ್ಟಾಫ್ ಒಬ್ಬರು ನನ್ನ ಮಣಿಕಟ್ಟು ಹಿಡಿದು, "ಓದು" ಎಂದರು. ಓದಿದೆ. ಅದು ಪೊಟ್ಯಾಸಿಯಂ ಕ್ಲೋರೈಡ್. ನೀರಿನ ಆಂಪೂಲ್‌ನಷ್ಟೇ ಗಾತ್ರ, ಅಷ್ಟೇ ತಿಳಿ. ಹಾಗೇ ನೇರವಾಗಿ ರಕ್ತನಾಳಕ್ಕೆ ಹೋಗಿದ್ದರೆ ಹೃದಯ ನಿಲ್ಲುತ್ತಿತ್ತು. ಇದನ್ನು ಯಾವತ್ತೂ ದೊಡ್ಡ ಬಾಟಲಿಗೆ ಬೆರೆಸಿ, ನಿಧಾನವಾಗಿ ಮಾತ್ರ ಕೊಡಬೇಕು. ಗಾಢ ಪೊಟ್ಯಾಸಿಯಂ ಮಾಮೂಲಿ ಔಷಧಗಳ ಜೊತೆ ಇರಬಾರದು, ಬೇರೆಯಾಗಿ ಲೇಬಲ್ ಹಚ್ಚಿ ಬೀಗ ಹಾಕಿಡಬೇಕು ಎನ್ನುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಒಂಬತ್ತು ಸುರಕ್ಷತಾ ಕ್ರಮಗಳಲ್ಲಿ ಇಂಥ ಗಾಢ ದ್ರಾವಣಗಳ ಹತೋಟಿಯೂ ಒಂದು.

## ಚಾರ್ಟ್ ಓದುವುದು

ಒಡಿ (OD) ಎಂದರೆ ದಿನಕ್ಕೊಮ್ಮೆ, ಬಿಡಿ (BD) ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕಾದರೆ ಮಾತ್ರ, ಸ್ಟ್ಯಾಟ್ ಈಗಲೇ. ರೋಗಿಗಳಿಗೆ ಇದಕ್ಕಿಂತ 1-0-1 ಚೆನ್ನಾಗಿ ಅರ್ಥವಾಗುತ್ತದೆ. ಸೊನ್ನೆಯ ಬಗ್ಗೆ ಹುಷಾರು. ಅರ್ಧವನ್ನು 0.5 ಎಂದೇ ಬರೆಯಬೇಕು. ಬರೀ .5 ಎಂದರೆ ಚುಕ್ಕೆ ಮಾಸಿ 5 ಆಗುತ್ತದೆ. ಐದನ್ನು 5.0 ಎಂದು ಬರೆದರೆ 50 ಆಗುತ್ತದೆ. ಯೂನಿಟ್ ಪದವನ್ನು ಇಂಗ್ಲಿಷಿನ U ಎಂಬ ಒಂದೇ ಅಕ್ಷರಕ್ಕೆ ಇಳಿಸಿ ಬರೆದರೆ ಅದೂ ಸೊನ್ನೆಯ ಹಾಗೆ ಕಂಡು 4 ಯೂನಿಟ್ 40 ಆಗುತ್ತದೆ. ಕೈಬರಹ ಅರ್ಥವಾಗದಿದ್ದರೆ ಪಕ್ಕದ ಗೆಳತಿಯನ್ನು ಕೇಳಿ ಊಹಿಸಬೇಡಿ, ಬರೆದವರನ್ನೇ ಕೇಳಿ. ಬೈಸಿಕೊಂಡರೂ ಅಡ್ಡಿಯಿಲ್ಲ.

ಕೊಟ್ಟ ಮೇಲೆ ಸಹಿ ಹಾಕಬೇಕು, ಕೊಡುವ ಮೊದಲಲ್ಲ. ಮೊದಲೇ ಎಲ್ಲದಕ್ಕೂ ಸಹಿ ಹಾಕಿ ಟ್ರಾಲಿ ತಳ್ಳಿದರೆ, ನಡುವೆ ಯಾರೋ "ಸಿಸ್ಟರ್, ಡ್ರಿಪ್ ಮುಗೀತು" ಎಂದು ಕರೆದಾಗ ಒಂದು ಮಾತ್ರೆ ಬಿಟ್ಟುಹೋಗುತ್ತದೆ, ಚಾರ್ಟ್ ಮಾತ್ರ ಕೊಟ್ಟಿದೆ ಎನ್ನುತ್ತದೆ. ಕೊಡದಿದ್ದರೆ ಅದನ್ನೂ ಬರೆಯಬೇಕು: "ಡಿಜಾಕ್ಸಿನ್ ಕೊಟ್ಟಿಲ್ಲ, ಬಡಿತ 54, ಡ್ಯೂಟಿ ಡಾಕ್ಟರ್‌ಗೆ 8.10ಕ್ಕೆ ತಿಳಿಸಿದೆ."

## ತಪ್ಪಾಗಿಬಿಟ್ಟರೆ?

ಮೊದಲು ರೋಗಿಯ ಹತ್ತಿರ ಹೋಗಿ. ನಾಡಿ, ಬಿಪಿ, ಉಸಿರು, ಎಚ್ಚರ, ಇನ್ಸುಲಿನ್ ಆಗಿದ್ದರೆ ಸಕ್ಕರೆ ನೋಡಿ. ಕೂಡಲೇ ಡಾಕ್ಟರ್‌ಗೂ ವಾರ್ಡ್ ಇನ್‌ಚಾರ್ಜ್‌ಗೂ ಹೇಳಿ. ವಿದ್ಯಾರ್ಥಿಯಾದರೆ ಟ್ಯೂಟರ್‌ಗೂ ಹೇಳಬೇಕು. ವಿದ್ಯಾರ್ಥಿಗಳು ಒಬ್ಬರೇ ಔಷಧ ಕೊಡುವಂತಿಲ್ಲ, ಯಾರಾದರೂ ಮೇಲ್ವಿಚಾರಣೆಗೆ ಇರಲೇಬೇಕು. ಆಮೇಲೆ ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ಏನು, ಎಷ್ಟು, ಎಷ್ಟು ಹೊತ್ತಿಗೆ. ಮುಚ್ಚಿಟ್ಟರೆ ಕಳೆದುಹೋಗುವುದು ಸಮಯ. ಹಲವು ಔಷಧಕ್ಕೆ ಪ್ರತಿಮದ್ದು ಇದೆ, ಆದರೆ ಬೇಗ ಗೊತ್ತಾದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮಾರ್ಫಿನ್‌ಗೆ ನಲಾಕ್ಸೋನ್, ಹೆಪಾರಿನ್‌ಗೆ ಪ್ರೋಟಮಿನ್, ಪ್ಯಾರಸಿಟಮಾಲ್‌ಗೆ ಅಸಿಟೈಲ್‌ಸಿಸ್ಟೀನ್.

ಎಲ್ಲ ಸರಿಯಾಗಿ ಕೊಟ್ಟರೂ ಕೆಲವರಿಗೆ ಔಷಧ ಆಗಿಬರುವುದಿಲ್ಲ. ಮೈ ತುರಿಕೆ, ತುಟಿ ಊತ, ಉಸಿರು ಕಟ್ಟುವುದು ಕಾಣಬಹುದು. ಇಂಥದ್ದನ್ನು ವರದಿ ಮಾಡಲು 2010ರಿಂದ ಭಾರತದಲ್ಲಿ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಡಾಕ್ಟರೇ ಆಗಬೇಕಿಲ್ಲ, ನರ್ಸ್ ಕೂಡ ವರದಿ ಮಾಡಬಹುದು, ರೋಗಿಯ ಮನೆಯವರೂ ಮಾಡಬಹುದು. ಉಚಿತ ಸಹಾಯವಾಣಿ 1800-180-3024.